ಟೇಪ್ ಬಂತು, ಸೇವೆ ಬರಲಿಲ್ಲ: ಬೊಜ್ಜಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಏನು ಸಿಗುತ್ತೆ?

ರಾಯಚೂರಿನಿಂದ ಮಾತಾಡ್ತಾ ಇದ್ದೀನಿ. ಸದ್ದು ಬರಬಾರದು ಅಂತ ಫ್ಯಾನ್ ಆಫ್ ಮಾಡಿ ರೆಕಾರ್ಡ್ ಮಾಡ್ತಿದ್ದೀನಿ. ರಾಯಚೂರು ಬಿಸಿಲಲ್ಲಿ ಫ್ಯಾನ್ ಆಫ್ ಅಂದ್ರೆ ಏನು ಅಂತ ಗೊತ್ತಿದ್ದವರಿಗೆ ಗೊತ್ತು. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರೋಣ.

ಇವತ್ತಿನ ವಿಷಯ ಬೊಜ್ಜು. ಜಿಮ್ ಟಿಪ್ಸ್ ಕೊಡೋಕೆ ಬಂದಿಲ್ಲ, ನಾನು ಡಾಕ್ಟರ್ ಅಲ್ಲ, ಬಿಕಾಂ ಓದಿದವನು. ನನ್ನ ಪ್ರಶ್ನೆ ಲೆಕ್ಕದವನ ಪ್ರಶ್ನೆ. ತೂಕ ಹೆಚ್ಚಾಗಿರೋ ಒಬ್ಬ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದರೆ, ಆ ತೂಕಕ್ಕೆ ಅಂತಲೇ ಅಲ್ಲಿ ಏನು ಸಿಗುತ್ತೆ? ಶುಗರ್‌ಗೆ ಏನು ಸಿಗುತ್ತೆ, ಬಿಪಿಗೆ ಏನು ಸಿಗುತ್ತೆ ಅಂತ ಕೇಳ್ತಿಲ್ಲ. ತೂಕಕ್ಕೆ ಏನು ಸಿಗುತ್ತೆ?

ಈ ಪ್ರಶ್ನೆ ನನಗೆ ಬಂದಿದ್ದು ನಮ್ಮ ಚಿಕ್ಕಮ್ಮನಿಂದ.

98 ಸೆಂಟಿಮೀಟರ್

ಚಿಕ್ಕಮ್ಮ ಇರೋದು ದೇವದುರ್ಗದಲ್ಲಿ. ವಯಸ್ಸು 46. ಮನೆಯಲ್ಲೇ ಬ್ಲೌಸ್ ಹೊಲಿಯೋ ಕೆಲಸ, ಬೆಳಗ್ಗೆ ಕೂತರೆ ಸಂಜೆವರೆಗೆ ಮಷಿನ್ ಮುಂದೆ. ಒಂದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು, ಒಂದು ಫಾರ್ಮ್ ತೆಗೆದು, ತಂಬಾಕು ಹಾಕ್ತೀರಾ, ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ ಅಂತೆಲ್ಲ ಕೇಳಿ, ಟೇಪ್ ಹಿಡಿದು ಸೊಂಟದ ಸುತ್ತಳತೆ ನೋಡಿದರು. 98 ಸೆಂಟಿಮೀಟರ್ ಬಂತು. ಚಿಕ್ಕಮ್ಮ ನಕ್ಕು ಅಂದ್ರಂತೆ, "ಇಡೀ ಓಣಿ ಅಳತಿ ನನ್ನ ಬುಕ್ಕಿನಾಗ ಅದ, ನನ್ನ ಅಳತಿ ತಗೊಂಡಾಕಿ ನೀನ ಮೊದಲನೇಕಿ."

ಹೆಂಗಸರಿಗೆ 90ಕ್ಕಿಂತ ಹೆಚ್ಚಿದ್ದರೆ ಆ ಫಾರ್ಮ್‌ನಲ್ಲಿ 2 ಅಂಕ. "ಅಕ್ಕಾ, ತಪಾಸಣಿಗೆ ಬರ್ರಿ" ಅಂತ ಹೇಳಿ ಹೋದರು. ಚಿಕ್ಕಮ್ಮ ಅರ್ಧ ದಿನದ ಕೆಲಸ ಬಿಟ್ಟು ಹೋದರು. ಎತ್ತರ 152 ಸೆಂಟಿಮೀಟರ್, ತೂಕ 79 ಕೆಜಿ. ಬಿಪಿ ನಾರ್ಮಲ್, ಶುಗರ್ ನಾರ್ಮಲ್. ಅಲ್ಲಿದ್ದವರು ಒಳ್ಳೆಯವರೇ, ನಗುಮುಖದಲ್ಲೇ ಹೇಳಿದರಂತೆ: "ಎಲ್ಲಾ ನಾರ್ಮಲ್ ಅದ. ತೂಕ ಇಳಿಸ್ರಿ. ಬರೋ ವರ್ಷ ಮತ್ತ ಬರ್ರಿ."

ಆ ರಾತ್ರಿ ಫೋನ್ ಮಾಡಿದರು. "ಇಳಿಸ್ರಿ ಅಂತ ಎಲ್ಲಾರೂ ಹೇಳ್ತಾರ. ಹೆಂಗ ಇಳಿಸಬೇಕು ಅಂತ ಯಾರು ಹೇಳ್ತಾರಪ್ಪ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಏನಾಯ್ತು ಅಂದ್ರೆ, ಪರಿಚಯದವರೊಬ್ಬರು ತೂಕ ಇಳಿಸೋ ಪೌಡರ್ ಡಬ್ಬಿ ತಂದುಕೊಟ್ಟರು. ಎರಡು ತಿಂಗಳಲ್ಲಿ 6 ಸಾವಿರಕ್ಕಿಂತ ಹೆಚ್ಚು ಖರ್ಚು, 3 ಕೆಜಿ ಇಳೀತು. ಡಬ್ಬಿ ನಿಲ್ಲಿಸಿದ ಮೇಲೆ 4 ಕೆಜಿ ವಾಪಸ್ ಬಂತು.

'ಕಡಿಮೆ ತಿನ್ನಿ' ಅನ್ನೋದು ಯಾಕೆ ಸಾಲಲ್ಲ

ಮೊದಲು ಒಂದೆರಡು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ಬಿಎಂಐ ಅಂದ್ರೆ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರೋ ಸಂಖ್ಯೆ. ಚಿಕ್ಕಮ್ಮನದು 34. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಅಳತೆಯಲ್ಲಿ 25 ದಾಟಿದರೆ ಅಧಿಕ ತೂಕ, 30 ದಾಟಿದರೆ ಬೊಜ್ಜು. ನಮ್ಮ ದೇಶದ ವೈದ್ಯರು ಇನ್ನೂ ಬಿಗಿಯಾದ ಅಳತೆ ಬಳಸ್ತಾರೆ: 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು. ಯಾಕಂದ್ರೆ ನಮ್ಮಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬರೋದು ಜಾಸ್ತಿ. ಆ ಹೊಟ್ಟೆಯೊಳಗಿನ ಕೊಬ್ಬೇ ಶುಗರ್, ಬಿಪಿ, ಹೃದಯದ ಕಾಯಿಲೆಗೆ ಹತ್ತಿರದ ನೆಂಟ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಇಂಡಿಯಾಬ್ ಅಧ್ಯಯನದಲ್ಲಿ ಬಿಎಂಐ ಲೆಕ್ಕದ ಬೊಜ್ಜು ದೇಶದಲ್ಲಿ ಶೇ. 28.6, ಹೊಟ್ಟೆಯ ಬೊಜ್ಜು ಶೇ. 39.5. ಆಶಾ ಅಕ್ಕನ ಕೈಯಲ್ಲಿ ಟೇಪ್ ಇರೋದು ಇದಕ್ಕೇ.

ಎರಡನೆಯದು, ತೂಕ ಇಳಿದಾಗ ದೇಹ ಸುಮ್ಮನೆ ಕೂರಲ್ಲ. ಹಸಿವಿನ ಹಾರ್ಮೋನ್ ಏರುತ್ತೆ, ಹೊಟ್ಟೆ ತುಂಬಿತು ಅನ್ನೋ ಸಂದೇಶ ಕುಗ್ಗುತ್ತೆ, ದೇಹ ಸುಡೋ ಶಕ್ತಿಯೂ ಕಡಿಮೆ ಆಗುತ್ತೆ. ಅಂದ್ರೆ ಇಳಿದ ತೂಕ ವಾಪಸ್ ಬರೋದು ಬರೀ ನಾಲಿಗೆ ಚಪಲ ಅಲ್ಲ, ದೇಹದ ಹಳೇ ಅಭ್ಯಾಸ. ಚಿಕ್ಕಮ್ಮನ 3 ಕೆಜಿ ಇಳಿದು 4 ಕೆಜಿ ಏರಿದ್ದು ಅವರ ಸೋಲಲ್ಲ. ಒಮ್ಮೆ ಕೊಟ್ಟ ಸಲಹೆ ಸಾಲದೇ, ತಿಂಗಳುಗಟ್ಟಲೆ ಜೊತೆಗಿರೋ ಸೇವೆ ಬೇಕು ಅಂತ ಹೇಳೋದು ಇದೇ ಕಾರಣಕ್ಕೆ.

ಒಳ್ಳೆ ಸುದ್ದಿನೂ ಇದೆ. ಸಿನಿಮಾ ಹೀರೋಯಿನ್ ತರ ಆಗಬೇಕಿಲ್ಲ. ಇರೋ ತೂಕದಲ್ಲಿ ಶೇ. 5ರಿಂದ 10ರಷ್ಟು ಇಳಿದರೂ ಬಿಪಿ, ಶುಗರ್, ಮಂಡಿ ನೋವು ಎಲ್ಲದರಲ್ಲೂ ಫರಕು ಕಾಣುತ್ತೆ. 79 ಕೆಜಿಗೆ ಅದು 4ರಿಂದ 8 ಕೆಜಿ.

ರಾಯಚೂರಲ್ಲಿ ಬೊಜ್ಜಾ?

ಈ ಸಂಚಿಕೆ ಮಾಡ್ತೀನಿ ಅಂದಾಗ ಒಬ್ಬ ಗೆಳೆಯ ಕೇಳಿದ: "ಲೇ, ನಮ್ಮ ಜಿಲ್ಲಾ ಅಂದ್ರ ಅಪೌಷ್ಟಿಕತೆ. ನೀ ಬೆಂಗಳೂರು ಸಮಸ್ಯೆ ತಗೊಂಡು ಕುಂತೀಯಲ್ಲ." ಮಾತಲ್ಲಿ ಅರ್ಧ ಸತ್ಯ ಇದೆ. 2018ರಲ್ಲಿ ನೀತಿ ಆಯೋಗ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಸೇರಿದ್ದು ಎರಡೇ, ರಾಯಚೂರು ಮತ್ತು ಯಾದಗಿರಿ. ನಂಜುಂಡಪ್ಪ ಸಮಿತಿಯ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ದೇವದುರ್ಗದ ಹೆಸರು ಇದೆ.

ಆದರೆ ಇನ್ನರ್ಧ ಸತ್ಯ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ತೂಕ ಕಡಿಮೆ ಇರೋ ಮಹಿಳೆಯರು ಶೇ. 17.2. ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚಿರೋ ಮಹಿಳೆಯರು ಶೇ. 30.1, ಗಂಡಸರು ಶೇ. 30.9. ಅದರ ಹಿಂದಿನ ಸಮೀಕ್ಷೆಯಲ್ಲಿ ಮಹಿಳೆಯರದು ಶೇ. 23.3 ಇತ್ತು. ಇದು ಇಡೀ ರಾಜ್ಯದ ಸರಾಸರಿ, ನಮ್ಮ ಜಿಲ್ಲೆಯ ಲೆಕ್ಕ ಅಲ್ಲ. ಆದರೆ ಸರಾಸರಿಯಲ್ಲೇ ಎರಡೂ ತುದಿ ಒಟ್ಟಿಗೆ ಕಾಣ್ತಿವೆ. ಒಂದೇ ಮನೆಯಲ್ಲಿ ರಕ್ತ ಕಡಿಮೆ ಇರೋ ಮಗಳು, ಹೊಟ್ಟೆ ಮುಂದೆ ಬಂದ ತಾಯಿ ಇರಬಹುದು. ಕೆಲವೊಮ್ಮೆ ಬೊಜ್ಜು ಮತ್ತು ರಕ್ತಹೀನತೆ ಎರಡೂ ಒಬ್ಬರಿಗೇ ಇರುತ್ತೆ.

ಕಾರಣ ಹುಡುಕೋಕೆ ದೂರ ಹೋಗಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಸಿಂಧನೂರು, ಮಾನ್ವಿ ಕಡೆ ಭತ್ತದ ಗದ್ದೆ ಹರಡಿತು. 'ಜೋಳ ತಿಂದವ ತೋಳ' ಅಂತಿದ್ದ ಊರಲ್ಲಿ ರೊಟ್ಟಿ ಜಾಗಕ್ಕೆ ಅನ್ನ ಬಂತು. 2013ರಿಂದ ಅನ್ನಭಾಗ್ಯ ಹಸಿದ ಹೊಟ್ಟೆಗೆ ಅಕ್ಕಿ ಕೊಟ್ಟಿತು, ಅದು ಬೇಕಿತ್ತು. ಆದರೆ ಬೇಳೆ, ಮೊಟ್ಟೆ, ತರಕಾರಿ ಅಷ್ಟೇ ಸುಲಭಕ್ಕೆ ಬರಲಿಲ್ಲ. ಅದರ ಮೇಲೆ ಸಂಜೆಗೆ ಮಂಡಾಳ ಒಗ್ಗರಣಿ, ಮಿರ್ಚಿ, ಸಕ್ಕರೆ ಚಹಾ. ನಡೆಯೋಣ ಅಂದ್ರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲು. ಬೆಳಗಿನ ಜಾವ ಹೋದರೆ ನಾಯಿ, ಸಂಜೆ ಹೋದರೆ ಟ್ರಾಫಿಕ್ ಮತ್ತು ಜನರ ಬಾಯಿ. ಹೆಂಗಸರಿಗಂತೂ 'ಯಾಕ್ರಿ, ವಾಕಿಂಗಾ?' ಅನ್ನೋ ನಗು ಬೇರೆ.

ಕಾಲಂ ಇದ್ದದ್ದು ಮಾತ್ರ ನಡೆಯುತ್ತೆ

ಈಗ ಸರ್ಕಾರಿ ವ್ಯವಸ್ಥೆಗೆ ಬರೋಣ. ಏನೂ ಇಲ್ಲ ಅಂದ್ರೆ ಅದು ಸುಳ್ಳು. 2010ರಲ್ಲಿ ಕೇಂದ್ರ ಸರ್ಕಾರ ಅಸಾಂಕ್ರಾಮಿಕ ರೋಗಗಳಿಗೆ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಅದರಡಿ ಎನ್‌ಸಿಡಿ ಕ್ಲಿನಿಕ್‌ಗಳು ಬಂದವು, ಆಪ್ತ ಸಮಾಲೋಚಕರ ಹುದ್ದೆಯೂ ಯೋಜನೆಯಲ್ಲಿದೆ. 30 ವರ್ಷ ದಾಟಿದ ಎಲ್ಲರ ತಪಾಸಣೆ ಆಗಬೇಕು ಅಂತ ನಿಯಮ ಇದೆ. ಚಿಕ್ಕಮ್ಮನ ಮನೆಗೆ ಬಂದ ಫಾರ್ಮ್ ಅದರದ್ದೇ. ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಗೃಹ ಆರೋಗ್ಯ ಯೋಜನೆಯನ್ನೂ ತಂದಿತು, ಮನೆ ಬಾಗಿಲಿಗೇ ತಪಾಸಣೆ. ಉಪಕೇಂದ್ರಗಳು ಆಯುಷ್ಮಾನ್ ಆರೋಗ್ಯ ಮಂದಿರ ಆಗಿವೆ, ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಕೂರ್ತಾರೆ. ರಾಯಚೂರಲ್ಲಿ 2007ರಿಂದ ರಿಮ್ಸ್ ಇದೆ. ಅಂದ್ರೆ ಕಟ್ಟಡ ಇದೆ, ಮನುಷ್ಯರಿದ್ದಾರೆ, ಫಾರ್ಮ್ ಇದೆ, ಟೇಪ್ ಕೂಡ ಇದೆ.

ಹಾಗಾದರೆ ತಪ್ಪಿದ್ದೆಲ್ಲಿ? ದುಡ್ಡು ಯಾವುದಕ್ಕೆ ಹೋಗುತ್ತೆ ಅಂತ ನೋಡಿದೆ. ಆಶಾ ಕಾರ್ಯಕರ್ತೆಗೆ ಆ ಫಾರ್ಮ್ ತುಂಬಿದರೆ 10 ರೂಪಾಯಿ ಪ್ರೋತ್ಸಾಹಧನ. ಬಿಪಿ, ಶುಗರ್ ಅಥವಾ ಮೂರು ಸಾಮಾನ್ಯ ಕ್ಯಾನ್ಸರ್ ಪತ್ತೆಯಾದ ರೋಗಿಯನ್ನು ಫಾಲೋ ಅಪ್ ಮಾಡಿದರೆ ಆರು ತಿಂಗಳಿಗೆ 50 ರೂಪಾಯಿ. ಬೊಜ್ಜು ಮಾತ್ರ ಇದ್ದವರನ್ನು ಫಾಲೋ ಅಪ್ ಮಾಡಿದರೆ? ಆ ಸಾಲೇ ಇಲ್ಲ. 2023ರಲ್ಲಿ ಕೇಂದ್ರ ಘೋಷಿಸಿದ ದೊಡ್ಡ ಗುರಿ ನೋಡಿ: 2025ರೊಳಗೆ 7.5 ಕೋಟಿ ಬಿಪಿ, ಶುಗರ್ ರೋಗಿಗಳಿಗೆ ಸರಿಯಾದ ಆರೈಕೆ. ಒಳ್ಳೆ ಗುರಿ. ಅದರಲ್ಲೂ ತೂಕದ ಲೆಕ್ಕ ಇಲ್ಲ.

ಅಕೌಂಟ್ಸ್ ಓದಿದವರಿಗೆ ಇದು ಗೊತ್ತು. ಲೆಡ್ಜರ್‌ನಲ್ಲಿ ಯಾವುದಕ್ಕೆ ಕಾಲಂ ಇದೆಯೋ ಅದು ನಡೆಯುತ್ತೆ, ಇಲ್ಲದ್ದು ಯಾರ ಕೆಲಸವೂ ಅಲ್ಲ. ಇಲ್ಲಿ ಸೊಂಟದ ಅಳತೆಗೆ ಕಾಲಂ ಇದೆ, ಆಮೇಲೆ ಏನು ಅನ್ನೋದಕ್ಕೆ ಇಲ್ಲ. ಚಿಕ್ಕಮ್ಮನಿಗೆ ಅವತ್ತು ಶುಗರ್ ಬಂದಿದ್ದರೆ ಪ್ರತಿ ತಿಂಗಳು ಮಾತ್ರೆ, ಕಾರ್ಡ್, ಕರೆ ಎಲ್ಲ ಸಿಗ್ತಿತ್ತು. ಬರಲಿಲ್ಲ, ಹಾಗಾಗಿ 'ಬರೋ ವರ್ಷ ಬರ್ರಿ'. ಶುಗರ್ ಬರೋತನಕ ಕಾಯೋ ವ್ಯವಸ್ಥೆ ಇದು.

2025ರ ಫೆಬ್ರವರಿಯ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಬೊಜ್ಜಿನ ಬಗ್ಗೆ ಮಾತಾಡಿ, ಅಡುಗೆ ಎಣ್ಣೆ ಶೇ. 10 ಕಡಿಮೆ ಮಾಡಿ ಅಂದರು. ಸಲಹೆ ಸರಿ. ಆದರೆ ಸಲಹೆ ಬೇರೆ, ಸೇವೆ ಬೇರೆ.

ಇದೇ ಕೆಲಸ ಸರ್ಕಾರ ಮಾಡ್ತಿದೆ, ಉಲ್ಟಾ ದಿಕ್ಕಲ್ಲಿ

ನನಗೆ ಆಶ್ಚರ್ಯ ಆಗಿದ್ದು ಇಲ್ಲಿ. ತೂಕದ ಸೇವೆ ಹೇಗೆ ನಡೆಸಬೇಕು ಅಂತ ನಮ್ಮ ಸರ್ಕಾರಿ ಆಸ್ಪತ್ರೆಗೆ ಚೆನ್ನಾಗಿ ಗೊತ್ತು. ಪೌಷ್ಟಿಕ ಪುನಶ್ಚೇತನ ಕೇಂದ್ರ ಕೇಳಿರ್ತೀರಿ. ತೀವ್ರ ಅಪೌಷ್ಟಿಕತೆ ಇರೋ ಮಗುವನ್ನು ಸುಮಾರು ಎರಡು ವಾರ ಇರಿಸಿಕೊಳ್ತಾರೆ. ದಿನಾ ತೂಕ ನೋಡ್ತಾರೆ. ಆಹಾರ ಅಳೆದು ಕೊಡ್ತಾರೆ. ತಾಯಿಗೆ ಮನೆಯಲ್ಲಿ ಏನು, ಹೇಗೆ ಮಾಡಬೇಕು ಅಂತ ಕೂರಿಸಿ ಕಲಿಸ್ತಾರೆ. ಆಕೆಯ ಕೂಲಿ ನಷ್ಟಕ್ಕೆ ಪರಿಹಾರ ಇದೆ. ಮನೆಗೆ ಹೋದ ಮೇಲೆ ಮತ್ತೆ ಮತ್ತೆ ಕರೆಸಿ ನೋಡ್ತಾರೆ.

ಇದರಲ್ಲಿ ಯಾರೂ ತಾಯಿಗೆ 'ಮಗು ತೂಕ ಏರಿಸ್ರಿ, ಬರೋ ವರ್ಷ ಬರ್ರಿ' ಅನ್ನಲ್ಲ. ಅಂದ್ರೆ ತೂಕ ಅನ್ನೋದು ಬರೀ ಇಚ್ಛಾಶಕ್ತಿ ವಿಷಯ ಅಲ್ಲ, ಅದಕ್ಕೆ ಅಳತೆ, ಆಹಾರ, ಮಾತು, ಫಾಲೋ ಅಪ್, ಕಳೆದುಹೋಗೋ ಕೂಲಿಯ ಲೆಕ್ಕ ಎಲ್ಲ ಬೇಕು ಅಂತ ವ್ಯವಸ್ಥೆ ಈಗಾಗಲೇ ಒಪ್ಪಿದೆ. ಬೊಜ್ಜಿಗೆ ಯಾರನ್ನೂ ಅಡ್ಮಿಟ್ ಮಾಡಬೇಕಿಲ್ಲ. ಅದೇ ತತ್ವ ಸಾಕು.

ಹೊರಗಡೆ ಹೇಗಿದೆ? ಇಂಗ್ಲೆಂಡಿನಲ್ಲಿ ಸರ್ಕಾರಿ ಎನ್‌ಎಚ್‌ಎಸ್ ಇದನ್ನು ನಾಲ್ಕು ಹಂತ ಮಾಡಿದೆ. ಮೊದಲನೆಯದು ಎಲ್ಲರಿಗೂ ಮಾಹಿತಿ, ಎರಡನೆಯದು ಊರಲ್ಲೇ ಸುಮಾರು 12 ವಾರದ ಗುಂಪು ಕಾರ್ಯಕ್ರಮ, ಮೂರನೆಯದು ತಜ್ಞರ ತಂಡ, ನಾಲ್ಕನೆಯದು ಶಸ್ತ್ರಚಿಕಿತ್ಸೆ. ಅಲ್ಲೂ ಕಾಯೋ ಪಟ್ಟಿ ಉದ್ದ ಇದೆ, ಸ್ವರ್ಗ ಏನಲ್ಲ. ಆದರೆ ಮೆಟ್ಟಿಲು ಇದೆ. ನಮ್ಮಲ್ಲಿ ಮೊದಲ ಹಂತ ಇದೆ, ನಾಲ್ಕನೆಯದು ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳಲ್ಲಿದೆ. ನಡುವಿನ ಎರಡು ಮೆಟ್ಟಿಲು ಕಾಣಲ್ಲ.

'ಅದು ಶ್ರೀಮಂತ ದೇಶ' ಅಂತೀರಾ? ಹಾಗಾದರೆ ಚೆನ್ನೈ ನೋಡಿ. 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಶುಗರ್ ಬರೋ ಅಂಚಿನಲ್ಲಿದ್ದ 531 ಜನರನ್ನು ತಗೊಂಡರು. ಆಹಾರ, ನಡಿಗೆ ಬಗ್ಗೆ ಸಲಹೆ, ತಿಂಗಳಿಗೊಂದು ಫೋನ್, ಆರು ತಿಂಗಳಿಗೊಮ್ಮೆ ಮುಖಾಮುಖಿ. ಸುಮಾರು ಮೂರು ವರ್ಷದಲ್ಲಿ ಶುಗರ್ ಬರೋ ಸಂಭವ ಶೇ. 28.5 ಕಡಿಮೆ ಆಯ್ತು. ವಿಶೇಷ ಅಂದ್ರೆ ಅವರ ತೂಕ ಹೆಚ್ಚೇನೂ ಇಳಿದಿರಲಿಲ್ಲ. ಮುಂದೆ 2013ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಗಂಡಸರಿಗೆ ಮೊಬೈಲ್ ಮೆಸೇಜ್ ಕಳಿಸಿಯೇ ಶೇ. 36ರಷ್ಟು ಕಡಿಮೆ ಮಾಡಿದರು. ಕೆಲಸ ಮಾಡಿದ್ದು ದೊಡ್ಡ ಮಷಿನ್ ಅಲ್ಲ, ಬಿಡದೆ ಕೇಳೋ ಒಬ್ಬ ಮನುಷ್ಯ.

ನನ್ನ ಲೆಕ್ಕ ಹೀಗಿದೆ. 20 ಜನರ ಗುಂಪು, ವಾರಕ್ಕೆ ಒಂದು ಗಂಟೆ, 12 ವಾರ. ಸಮಾಲೋಚಕರ ಒಟ್ಟು ಸಮಯ 12 ಗಂಟೆ, ಒಬ್ಬೊಬ್ಬರಿಗೆ 36 ನಿಮಿಷ. ಬೇಕಾದ ಸಾಮಾನು ತೂಕದ ಯಂತ್ರ, ಟೇಪ್, ಒಂದು ರಿಜಿಸ್ಟರ್. ದೇವದುರ್ಗದವರಿಗೆ ರಾಯಚೂರು 50 ಕಿಲೋಮೀಟರ್‌ಗೂ ಹೆಚ್ಚು. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಫ್ರೀ, ಆದರೆ ಒಂದು ದಿನದ ಕೆಲಸ ಫ್ರೀ ಅಲ್ಲ. ಅದಕ್ಕೇ ಇದು ತಾಲ್ಲೂಕಲ್ಲೇ, ಆದರೆ ಊರಲ್ಲೇ ಆಗಬೇಕು.

ಇಂಜೆಕ್ಷನ್ ಮತ್ತು ಇನ್ಶೂರೆನ್ಸ್

ಈಗ ಎಲ್ಲರ ಬಾಯಲ್ಲಿ ತೂಕ ಇಳಿಸೋ ಇಂಜೆಕ್ಷನ್. 2025ರ ಮಾರ್ಚ್‌ನಲ್ಲಿ ಮೌಂಜಾರೋ ಭಾರತಕ್ಕೆ ಬಂದಾಗ ಆರಂಭದ 2.5 ಮಿಲಿಗ್ರಾಂ ಬಾಟಲಿ 3,500 ರೂಪಾಯಿ. ವಾರಕ್ಕೊಂದು, ತಿಂಗಳಿಗೆ 14,000. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370. ಭಾಗಿಸಿ ನೋಡಿ, ಒಂದು ತಿಂಗಳ ಔಷಧಿಗೆ 38 ದಿನದ ಕೂಲಿ. ತಿಂಗಳಲ್ಲಿ ಅಷ್ಟು ದಿನವೇ ಇಲ್ಲ. ಇನ್ನೊಂದು ಔಷಧಿ ಸೆಮಾಗ್ಲುಟೈಡ್, ಅದರ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ವರೆಗಿನದು. ಆಮೇಲೆ ಜೆನೆರಿಕ್‌ಗೆ ದಾರಿ ತೆರೆಯುತ್ತೆ. ಆದರೆ ಬೆಲೆ ಇಳಿದರೂ ಇದು ವೈದ್ಯರ ನಿಗಾದಲ್ಲೇ ತಗೋಬೇಕಾದ ಔಷಧಿ, ನಿಲ್ಲಿಸಿದರೆ ತೂಕ ವಾಪಸ್ ಬರೋದು ಸಾಮಾನ್ಯ. ಫಾಲೋ ಅಪ್ ಇಲ್ಲದ ಊರಿಗೆ ಅಗ್ಗದ ಇಂಜೆಕ್ಷನ್ ಬಂದರೆ ಅದು ಮೆಡಿಕಲ್ ಶಾಪಿನ ಕೌಂಟರ್ ಮೇಲಿನ ವ್ಯಾಪಾರ ಆಗುತ್ತೆ, ಅದೇ ನನ್ನ ಭಯ.

ಮಾನ್ವಿಯಲ್ಲಿ ನನ್ನ ಗೆಳೆಯ ಗೊಬ್ಬರದ ಅಂಗಡಿ ಇಟ್ಟಿದ್ದಾನೆ. 29 ವರ್ಷ, 112 ಕೆಜಿ. ರಾತ್ರಿ ಗೊರಕೆ ಮಧ್ಯೆ ಉಸಿರು ನಿಂತು ಎದ್ದು ಕೂರ್ತಾನೆ. ಸ್ವಂತ ಇನ್ಶೂರೆನ್ಸ್ ಇದೆ ಅಂತ ಧೈರ್ಯದಲ್ಲಿದ್ದ. ಪಾಲಿಸಿ ತೆಗೆದು ಓದಿದೆ. ಸಾಮಾನ್ಯ ಪಾಲಿಸಿಗಳಲ್ಲಿ ತೂಕ ನಿಯಂತ್ರಣಕ್ಕೆ ಒಂದು ಷರತ್ತು ಇರುತ್ತೆ: ವೈದ್ಯರ ಸಲಹೆ ಮೇಲಿನ ಶಸ್ತ್ರಚಿಕಿತ್ಸೆ, 18 ವರ್ಷ ದಾಟಿರಬೇಕು, ಬಿಎಂಐ 40 ಇರಬೇಕು, ಅಥವಾ 35ರ ಜೊತೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಶುಗರ್‌ನಂಥದ್ದು ಇರಬೇಕು. ಅಂದ್ರೆ ಇಲ್ಲೂ ಅದೇ ಕಥೆ. ಪೂರ್ತಿ ಕೆಟ್ಟ ಮೇಲೆ ಬಾ.

ಎದುರು ವಾದ

ಒಬ್ಬ ಸರ್ಕಾರಿ ವೈದ್ಯರ ಜೊತೆ ಮಾತಾಡಿದಾಗ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಹೆರಿಗೆ, ಜ್ವರ, ಹಾವು ಕಡಿತ, ಅಪೌಷ್ಟಿಕ ಮಕ್ಕಳು, ಇಷ್ಟರ ನಡುವೆ ಬೊಜ್ಜಿಗೆ ಸಮಯ ಎಲ್ಲಿ? ಆಶಾ ಅಕ್ಕಂದಿರ ತಲೆ ಮೇಲೆ ಇನ್ನೊಂದು ಫಾರ್ಮ್ ಹೊರಿಸ್ತೀರಾ?

ನಾನೂ ಒಪ್ತೀನಿ. ಹೊಸ ಕೆಲಸಕ್ಕೆ ಹೊಸ ದುಡ್ಡು ಕೊಡದೆ ಹೇಳಬಾರದು. ಮಕ್ಕಳ ಅಪೌಷ್ಟಿಕತೆಯ ಒಂದು ರೂಪಾಯಿಯೂ ಇತ್ತ ಬರಬಾರದು. ಆದರೆ ಇವತ್ತು ಉಳಿಸಿದ 36 ನಿಮಿಷ ಹತ್ತು ವರ್ಷದ ನಂತರ ಅದೇ ಆಸ್ಪತ್ರೆಗೆ ಡಯಾಲಿಸಿಸ್ ಆಗಿ, ಪಾರ್ಶ್ವವಾಯು ಆಗಿ ಬರಬಹುದು. ಖರ್ಚು ತಪ್ಪಲ್ಲ, ಮುಂದಕ್ಕೆ ಹೋಗುತ್ತೆ ಅಷ್ಟೆ, ಬಡ್ಡಿ ಸೇರಿ.

ಅಲ್ಲಿವರೆಗೆ ನಾವೇನು ಮಾಡಬಹುದು

ಒಂದು, 30 ದಾಟಿದವರು ಹತ್ತಿರದ ಆರೋಗ್ಯ ಮಂದಿರ ಅಥವಾ ನಮ್ಮ ಕ್ಲಿನಿಕ್‌ಗೆ ಹೋಗಿ ಸೊಂಟ, ತೂಕ, ಬಿಪಿ, ಶುಗರ್ ನಾಲ್ಕೂ ಬರೆಸಿಕೊಳ್ಳಿ. ಚೀಟಿ ಇಟ್ಟುಕೊಳ್ಳಿ. ಎರಡು, 'ಇಳಿಸ್ರಿ' ಅಂದರೆ ಅಲ್ಲೇ ಕೇಳಿ: "ಸಮಾಲೋಚಕರು ಯಾವ ದಿನ ಸಿಗ್ತಾರ? ತಿಂಗಳಿಗೊಮ್ಮೆ ತೂಕ ನೋಡಿ ಬರಕೊಳ್ತೀರಾ?" ಕೇಳೋರು ಹೆಚ್ಚಾದರೆ ಕಾಲಂ ಹುಟ್ಟುತ್ತೆ. ಮೂರು, ಗೊರಕೆ ಮಧ್ಯೆ ಉಸಿರು ನಿಲ್ಲೋದು, ಸ್ವಲ್ಪ ನಡೆದರೆ ದಮ್ಮು, ಮುಟ್ಟಿನ ಏರುಪೇರು ಇದ್ದರೆ ಮುಂದಿನ ವರ್ಷದತನಕ ಕಾಯಬೇಡಿ, ವೈದ್ಯರನ್ನು ನೋಡಿ. ನಾಲ್ಕು, ಒಳಗೇನಿದೆ ಅಂತ ಬರೆದಿಲ್ಲದ ಪೌಡರ್, ಮಾತ್ರೆ ಬೇಡ. ಬಿಪಿ, ಶುಗರ್ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ಐದು, ದಪ್ಪ ಇದ್ದವರನ್ನು ನೋಡಿ ನಗೋದು ನಿಲ್ಲಿಸಿ. ನಗೆಗೆ ಹೆದರಿ ಆಸ್ಪತ್ರೆಗೇ ಹೋಗದವರು ನನಗೆ ಗೊತ್ತು.

ಚಿಕ್ಕಮ್ಮ ಈಗ ಏನು ಮಾಡ್ತಿದ್ದಾರೆ ಅಂತ ಕೇಳ್ತೀರಿ. ರಾತ್ರಿ ಅನ್ನದ ಬದಲು ಒಂದು ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ. ಪ್ರತಿ ಗಂಟೆಗೆ ಮಷಿನ್ ಬಿಟ್ಟು ಎದ್ದು ಅಂಗಳದಲ್ಲಿ ಹತ್ತು ನಿಮಿಷ ನಡಿಗೆ. ಭಾನುವಾರ ಸೊಂಟ ಅಳೆದು ಅಳತೆ ಬುಕ್ಕಿನ ಕೊನೇ ಪುಟದಲ್ಲಿ ಬರೀತಾರೆ, ನಾನು ಫೋನ್ ಮಾಡಿ ಕೇಳ್ತೀನಿ. ಕಳೆದ ವಾರ 95 ಇತ್ತು. ಮುಂದಿನ ವಾರ 96 ಆದರೂ ಫೋನ್ ಮಾಡ್ತೀನಿ.

ಫೋನ್ ಮಾಡೋ ಮಗ ಎಲ್ಲರಿಗೂ ಇರಲ್ಲ. ಆ ಕೆಲಸಕ್ಕೇ ಸರ್ಕಾರಿ ಸೇವೆ ಬೇಕು ಅಂತ ಕೇಳ್ತಿರೋದು.

ನಿಮ್ಮ ಊರಿನ ಆಸ್ಪತ್ರೆಯಲ್ಲಿ ತೂಕಕ್ಕೆ ಅಂತ ಏನಾದರೂ ನಡೀತಿದ್ದರೆ ತಿಳಿಸಿ. ಒಳ್ಳೆಯದಿದ್ದರೆ ಅದನ್ನೂ ಹೇಳೋಣ. ಫ್ಯಾನ್ ಹಾಕ್ತೀನಿ ಈಗ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.